ಮೊದಲು ಗಡ ಹತ್ತಿ, ಆಮೇಲೆ ಕಿಲ್ಲಾ ಕಟ್ಟಿ

ದಸರೆ ಮುಗಿದು ವಾರ ಕಳೆಯುವಷ್ಟರಲ್ಲಿ ಪುಣೆಯ ರಸ್ತೆ ಬದಿಗಳಲ್ಲಿ ಕೆಂಪು ಮಣ್ಣಿನ ಚೀಲಗಳು ಬಂದು ಕೂರುತ್ತವೆ. ಪಕ್ಕದಲ್ಲೇ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಈಟಿ ಹಿಡಿದ ಮಾವಳೆ ಸೈನಿಕರು, ಬೆರಳುದ್ದದ ತೋಪುಗಳು. ದೀಪಾವಳಿಗೆ ಮಕ್ಕಳು ಮನೆ ಮುಂದೆ ಮಣ್ಣಿನ ಕಿಲ್ಲಾ ಕಟ್ಟುವ ಪದ್ಧತಿ ಬೆಳಗಾವಿ ಕಡೆಯವರಿಗೆ ಹೊಸದೇನಲ್ಲ. ಬಲಿಪಾಡ್ಯಮಿಗೆ ಸಗಣಿ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ ಸಿಕ್ಕಿಸಿದ ಕೈಗಳಿಗೂ ಇದು ಬೇಗ ಒಗ್ಗುತ್ತದೆ. ಪೇಚಾಟವೆಲ್ಲ ಉಡುಪಿ, ಮಂಗಳೂರು, ಮೈಸೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರದು. ಸೊಸೈಟಿಯ ಗೆಳೆಯರನ್ನು ನೋಡಿ ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ-ಅಮ್ಮನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಕೊನೆಗೆ ಅಂಗಡಿಯಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಿದ್ಧ ಕಿಲ್ಲಾ ಮನೆಗೆ ಬರುತ್ತದೆ. ಅದನ್ನು ತರುವುದಕ್ಕಿಂತ ಸುಮ್ಮನಿರುವುದು ವಾಸಿ.

ಮೊದಲ ಕೆಲಸ ಒಂದು ನಿಜವಾದ ಗಡ, ಅಂದರೆ ಬೆಟ್ಟದ ಮೇಲಿನ ಕೋಟೆ, ಹತ್ತಿ ಬರುವುದು. ಕೋಟೆ ನೋಡದೆ ಕಟ್ಟಿದ ಕಿಲ್ಲಾ ಬಾವುಟ ನೆಟ್ಟ ಹುತ್ತದ ಹಾಗಿರುತ್ತದೆ.

ದಿನದ ಲೆಕ್ಕ ಹಿಂದಿನಿಂದ ಹಾಕಿ. ನೀರು ತುಂಬುವ ಹಬ್ಬದ ಸಂಜೆಗೆ ಎಲ್ಲ ಸಿದ್ಧವಾಗಿರಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಎರಡು ವಾರ ಮುಂಚಿನ ಭಾನುವಾರ ಚಾರಣ, ಏಳು ದಿನ ಮುಂಚೆ ಗುಡ್ಡ, ಆರು ದಿನ ಮುಂಚೆ ಗೋಡೆ ಮತ್ತು ಬುರುಜು, ಐದು ದಿನ ಮುಂಚೆ ಬೀಜ, ಹಿಂದಿನ ದಿನ ಬೊಂಬೆ. ಇದರಲ್ಲಿ ಬೀಜದ ದಿನ ಮಾತ್ರ ಹಿಂದೆ ಮುಂದೆ ಆಗುವಂತಿಲ್ಲ. ಕಾರಣ ಕೆಳಗಿದೆ.

ಗಡದ ಮೇಲೆ ಏನು ನೋಡಬೇಕು

ಊರಿಗೆ ಹತ್ತಿರದ್ದು ಸಿಂಹಗಡ. ಪುಣೆಯಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ., ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಹಳೆಯ ಹೆಸರು ಕೊಂಢಾಣಾ. 1670ರ ಫೆಬ್ರುವರಿಯಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಗಡ ಇದೇ. ವಾಹನಗಳಿಗೆ ಘಾಟ್ ರಸ್ತೆಯಿದೆ, ಆದರೆ ಭಾನುವಾರ ಬೆಳಿಗ್ಗೆ ಎಂಟಾದರೆ ಅಲ್ಲಿ ಕಾರುಗಳ ಸಾಲು ಕದಲುವುದಿಲ್ಲ. ಆತಕರವಾಡಿಯಿಂದ ಕಾಲುದಾರಿ ಹಿಡಿಯಿರಿ. ಆರೂವರೆಗೆ ಹೆಜ್ಜೆ ಹಾಕಿದರೆ ರೂಢಿಯಿದ್ದ ದೊಡ್ಡವರಿಗೆ ಒಂದರಿಂದ ಒಂದೂವರೆ ಗಂಟೆ, ಎಂಟು ವರ್ಷದ ಮಕ್ಕಳಿದ್ದರೆ ಎರಡು ಗಂಟೆ. ತಲೆಗೆ ಒಂದು ಲೀಟರ್ ನೀರು ಸಾಕು, ದಾರಿಯುದ್ದಕ್ಕೂ ಲಿಂಬು ಶರಬತ್ತು, ಮಜ್ಜಿಗೆ ಮಾರುವವರು ಇರುತ್ತಾರೆ. ಮಳೆಗಾಲ ಮುಗಿದ ಮೇಲೆ ಮೇಲ್ಪದರದ ಮುರುಮು (ಗರಸು ಮಣ್ಣು) ಸಡಿಲವಾಗಿರುವುದರಿಂದ ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಅಡಿ ಸವೆದ ಸ್ಪೋರ್ಟ್ಸ್ ಶೂ ಆ ದಿನ ಬೇಡ. ಇಳಿಜಾರಿನಲ್ಲಿ ಮಕ್ಕಳನ್ನು ಮುಂದೆ ಓಡಲು ಬಿಡದೆ ದೊಡ್ಡವರೊಬ್ಬರು ಕೆಳಗಿನ ಬದಿಯಲ್ಲಿ ನಡೆಯಿರಿ.

ಇನ್ನೂ ಚಿಕ್ಕ ಮಕ್ಕಳಿದ್ದರೆ ಲೋಹಗಡ ಒಳ್ಳೆಯದು. ಲೋಣಾವಳಾ ಲೋಕಲ್ ಹಿಡಿದು ಮಳವಳಿ ಸ್ಟೇಷನ್ನಿನಲ್ಲಿ ಇಳಿಯಬೇಕು. ಬುಡದಿಂದ ಮೇಲಿನವರೆಗೂ ಕಲ್ಲಿನ ಮೆಟ್ಟಿಲು. ಗಣೇಶ, ನಾರಾಯಣ, ಹನುಮಾನ್, ಮಹಾ ಎಂದು ನಾಲ್ಕು ದರವಾಜೆಗಳು ಹಾವಿನಂತೆ ಸುತ್ತಿಕೊಂಡು ಬರುತ್ತವೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠಾ ಕಾಲದ ಹನ್ನೆರಡು ಕೋಟೆಗಳಲ್ಲಿ ಇದೂ ಒಂದು. ಮೊದಲ ಸಲ ಕಟ್ಟುವವರಿಗೆ ನಮ್ಮ ಶಿಫಾರಸೂ ಇದೇ: ನಾಲ್ಕು ಬಾಗಿಲು, ಹಿಂದೆ ಚೇಳಿನ ಕೊಂಡಿಯಂತೆ ಚಾಚಿದ ವಿಂಚೂಕಾಟಾ ಎಂಬ ಕಿರಿದಾದ ಬೆಟ್ಟದ ಏಣು. ನೋಡಿದವರು ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾರೆ.

ಮಗುವಿನ ಕೈಗೆ ಒಂದು ಹಾಳೆ, ಮೂರು ಬಣ್ಣದ ಪೆನ್ಸಿಲ್ ಕೊಡಿ. ಕೆಂಪು ಬಾಗಿಲಿಗೆ, ನೀಲಿ ನೀರಿಗೆ, ಕಪ್ಪು ಗೋಡೆಗೆ. ಚಿತ್ರ ಚೆನ್ನಾಗಿರಬೇಕಿಲ್ಲ. ಪ್ರತಿ ಬಾಗಿಲಿನ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿ: ಇಲ್ಲಿಗೆ ಬರುವ ಮೊದಲು ನಾವು ಯಾವ ಕಡೆ ತಿರುಗಿದೆವು? ಬಾಗಿಲಿನ ಮುಂದೆಯೇ ದಾರಿ ತಿರುಗಿದರೆ ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗುವುದಿಲ್ಲ, ತಿರುವಿನಲ್ಲಿ ನಿಧಾನಿಸಿದ ಶತ್ರು ಬುರುಜಿನ ಮೇಲಿನವರ ಕಲ್ಲಿಗೆ ಸಿಗುತ್ತಾನೆ. ಇದು ತಿಳಿದ ಮಗು ಕಿಲ್ಲಾಕ್ಕೆ ಎಂದೂ ನೇರ ದಾರಿ ಬಿಡುವುದಿಲ್ಲ. ಸಿಂಹಗಡದಲ್ಲಿ ಪುಣೆ ದರವಾಜೆ ಒಂದರ ಹಿಂದೆ ಒಂದು ಮೂರು. ಕಲ್ಯಾಣ ದರವಾಜೆ ಇನ್ನೊಂದು ಬದಿಗೆ. ನೀರಿಗೆ ದೇವಟಾಕೆ ಎಂಬ ತೊಟ್ಟಿ. ಇಷ್ಟು ಗುರುತಾದರೆ ಪಿಠಲಾ-ಭಾಕರಿಗೆ ಕೂರಬಹುದು. ನಮ್ಮ ಝುಣಕ-ರೊಟ್ಟಿಯ ಅಣ್ಣತಮ್ಮ, ಹೊಟ್ಟೆ ತುಂಬಾ ತಿಂದು ಇಳಿಯುವುದು ಮಾತ್ರ ಕಷ್ಟ. ಗಡದ ಕಲ್ಲು, ಹೆಂಚಿನ ಚೂರು ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ.

ಗುಡ್ಡ

ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಇದಕ್ಕಿಂತ ದೊಡ್ಡದಾದರೆ ಮಧ್ಯಕ್ಕೆ ಮಗುವಿನ ಕೈ ಎಟಕುವುದಿಲ್ಲ, ಕೊನೆಗೆ ಅಪ್ಪನೇ ಕಟ್ಟಿ ಮುಗಿಸುತ್ತಾನೆ. ಬೇಕಾಗುವುದು ಕೆಂಪು ಮಣ್ಣು 25 ಕೆಜಿ, ಜರಡಿ ಹಿಡಿದ ಮರಳು 8 ಕೆಜಿ, ಗೋಣಿಚೀಲ ಎರಡು, ಇಟ್ಟಿಗೆ ಹತ್ತು ಹನ್ನೆರಡು, ಹಳೆಯ ಹೂಕುಂಡ ಮತ್ತು ಡಬ್ಬ ಒಂದಷ್ಟು, ಎರಡು ಹಿಡಿ ತೆಂಗಿನ ನಾರು, ಕೆಳಗೆ ಹಾಸಲು ದಪ್ಪ ಪ್ಲಾಸ್ಟಿಕ್. ಬಾಲ್ಕನಿಯಲ್ಲಾದರೆ ಇಟ್ಟಿಗೆ ಬಿಟ್ಟು ಬೋರಲು ಹಾಕಿದ ಖಾಲಿ ಡಬ್ಬಗಳಲ್ಲೇ ಗುಡ್ಡ ಎಬ್ಬಿಸಿ. ಭಾರ ಅರ್ಧಕ್ಕಿಳಿಯುತ್ತದೆ. ನೀರು ಹೋಗುವ ತೂತು ಮುಚ್ಚದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೆಂಪು ನೀರು ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ.

ಒಳಗೆ ರಟ್ಟಿನ ಪೆಟ್ಟಿಗೆ ಇಡುವವರೇ ಹೆಚ್ಚು. ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ. ದಿನಾ ಚಿಮುಕಿಸುವ ನೀರನ್ನು ರಟ್ಟು ಕುಡಿಯುತ್ತಾ ಹೋಗಿ ಮೂರನೇ ದಿನ ಮಹಾರಾಜರ ಸಮೇತ ಕುಸಿಯುತ್ತದೆ. ಹೊಸ ಬಡಾವಣೆಗಳ ಪಾಯದಿಂದ ಪುಕ್ಕಟೆ ಸಿಗುವ ಎರೆಮಣ್ಣಿನದು ಇನ್ನೊಂದು ಕಾಟ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಬೇರೆ ಸಿಗದಿದ್ದರೆ ಅದಕ್ಕೆ ಸಮಸಮ ಮರಳು ಕಲಸಿ.

ಇಟ್ಟಿಗೆ, ಡಬ್ಬಗಳನ್ನು ಕೆಳಗೆ ಅಗಲ, ಮೇಲೆ ಕಿರಿದಾಗಿ ಜೋಡಿಸಿ, ಕೈಯಿಂದ ಅಲುಗಿಸಿ ನೋಡಿ. ಈಗ ಅಲುಗಿದ್ದು ಮಣ್ಣು ಮೆತ್ತಿದ ಮೇಲೂ ಅಲುಗುತ್ತದೆ. ಬಕೆಟ್ಟಿನಲ್ಲಿ ಒಂದಿಷ್ಟು ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕದಡಿ, ಗೋಣಿಚೀಲಗಳನ್ನು ಕತ್ತರಿಸಿ ಅದರಲ್ಲಿ ಅದ್ದಿ, ಹಿಂಡದೆ ಗುಡ್ಡದ ಮೇಲೆ ಹೊದಿಸಿ. ನೆರಿಗೆ ಬಿದ್ದರೆ ಬೀಳಲಿ, ಅದೇ ಕಣಿವೆ. ಸೆಣಬಿನ ಗೋಣಿಯೇ ಆಗಬೇಕು. ಅಕ್ಕಿ ಬರುವ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ಅಂಟುವುದಿಲ್ಲ, ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಎರಡು ಗಂಟೆ ಬಿಟ್ಟು ಮೇಲ್ಪದರ. ಮಣ್ಣು ಮೂರು ಪಾಲು, ಮರಳು ಒಂದು ಪಾಲು, ಚಿಕ್ಕದಾಗಿ ಕತ್ತರಿಸಿದ ನಾರು ಸೇರಿಸಿ ಚಪಾತಿ ಹಿಟ್ಟಿನಂತೆ ನಾದಿ. ಹದ ನೋಡಲು ಲಿಂಬೆ ಗಾತ್ರದ ಉಂಡೆ ಮಾಡಿ ಸೊಂಟದೆತ್ತರದಿಂದ ಬೀಳಿಸಿ. ಚಪ್ಪಟೆಯಾದರೆ ನೀರು ಹೆಚ್ಚು, ಚೂರಾದರೆ ಕಡಿಮೆ. ತಳ ಮಾತ್ರ ತುಸು ಚಪ್ಪಟೆಯಾಗಿ ಉಂಡೆ ಉಳಿದರೆ ಸರಿ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕೆಳಗಿನಿಂದ ಮೇಲಕ್ಕೆ ಮೆತ್ತುತ್ತಾ ಹೋಗಿ. ತುದಿಯಲ್ಲಿ ಬಾಲೇಕಿಲ್ಲಾಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಒಳಕೋಟೆಗೆ, ಅಂಗೈಯಗಲದ ಸಮತಟ್ಟು ಬಿಡಿ.

ಬುರುಜು, ಗೋಡೆ, ಬಾಗಿಲು

ಬುರುಜಿಗೆ ಕಟಿಂಗ್ ಚಹಾದ ಕಾಗದದ ಲೋಟಕ್ಕಿಂತ ಒಳ್ಳೆಯ ಅಚ್ಚು ಇಲ್ಲ. ಅದೇ ಮಣ್ಣನ್ನು ಲೋಟದೊಳಗೆ ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಹೆಬ್ಬೆರಳಿನಿಂದ ಅಂಚಿಗೆ ಒತ್ತಿ. ಒಮ್ಮೆಲೇ ತುಂಬಿದರೆ ಒಳಗೆ ಗಾಳಿ ಉಳಿದು ಮೈ ತುಂಬಾ ಕುಳಿ ಬೀಳುತ್ತದೆ. ಬೋರಲು ಹಾಕಿ ನೆರಳಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಗದವನ್ನು ಸುತ್ತ ಸೀಳಿ ತೆಗೆದರೆ ಬುಡ ಅಗಲ, ತಲೆ ಕಿರಿದಾದ ಬುರುಜು ಸಿದ್ಧ. ನಿಜವಾದ ಕೊತ್ತಲದ ಇಳಿಜಾರೂ ಹೀಗೇ ಇರುತ್ತದೆ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಸೀಳುತ್ತದೆ. ತಲೆಯ ಮೇಲೆ ಐಸ್‌ಕ್ರೀಂ ಕಡ್ಡಿಯಿಂದ ಅಡ್ಡಡ್ಡ ಒತ್ತಿದರೆ ತೆನೆಗಳು. ಎಂಟು ಬುರುಜು ಮಾಡಿ, ಆರು ಬೇಕಾಗುತ್ತವೆ, ಎರಡು ಹೇಗೂ ಮುರಿಯುತ್ತವೆ.

ಗೋಡೆಗೆ ಮಣೆಯ ಮೇಲೆ ಮಣ್ಣನ್ನು ಲಟ್ಟಿಸಿ, ನಾಲ್ಕು ಸೆಂ.ಮೀ. ಎತ್ತರ, ಒಂದೂವರೆ ಸೆಂ.ಮೀ. ದಪ್ಪದ ಪಟ್ಟಿ ಕತ್ತರಿಸಿ. ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು, ಬಾಗಿಸಿದರೆ ಮುರಿಯಬಾರದು. ಆ ಹದಕ್ಕೆ ಬಂದಾಗ ಎತ್ತಿ ಕೂರಿಸಿ, ಕೂಡುವಲ್ಲೆಲ್ಲ ಗೀರಿ ದೋಸೆ ಹದದ ಮಣ್ಣು ಸವರಿ. ಒಣಗಿದ ಗೋಡೆಗೆ ಹಸಿ ಮಣ್ಣು ಎಂದೂ ಅಂಟುವುದಿಲ್ಲ.

ಬಾಗಿಲಿಗೆ ಬೆಂಕಿಪೊಟ್ಟಣದ ಹೊರಕವಚ, ಅದರ ಮೇಲೆ ಕಮಾನಾಗಿ ಅರ್ಧ ಗಾಜಿನ ಬಳೆ. ಅಜ್ಜಿಯ ಹಳೆ ಬಳೆಗಳಿಗೆ ಇದಕ್ಕಿಂತ ಒಳ್ಳೆ ಗತಿ ಸಿಗಲಾರದು, ಮುರಿಯುವ ಕೆಲಸ ಮಾತ್ರ ದೊಡ್ಡವರದು. ಹಿಂಬದಿಯಲ್ಲಿ ಒಂದು ದಿಡ್ಡಿ ಬಾಗಿಲು ಮರೆಯಬೇಡಿ, ಕೋಟೆ ನೋಡಲು ಬರುವ ಮಕ್ಕಳು ಮೊದಲು ಹುಡುಕುವುದೇ ಚೋರ ದರವಾಜೆಯನ್ನು. ಟಾಕೆಗೆ ಮಣ್ಣಿನಲ್ಲಿ ಗುಂಡಿ ತೋಡಿ ನೀರು ತುಂಬಿಸಿದರೆ ರಾತ್ರಿಯೊಳಗೆ ಆ ಬದಿ ಜಾರುತ್ತದೆ. ತೆಂಗಿನ ಚಿಪ್ಪನ್ನೋ ಸಣ್ಣ ವಾಟಿಯನ್ನೋ ಹೂತಿಡಿ. ದಾರಿಗೆ ಇಟ್ಟಿಗೆ ಪುಡಿ, ಗೋಡೆಗೆ ಜಾಜು.

ಹಸಿರು

ಇಲ್ಲಿಯವರು ಹಾಕುವುದು ಅಳೀವ್, ನಮ್ಮ ಅಳವಿ ಬೀಜ. ಬಾಣಂತಿಯರಿಗೆ ಪಾಯಸ ಮಾಡಿಕೊಡುವುದು ಇದನ್ನೇ. ಐವತ್ತು ಗ್ರಾಂ ಬೇಕಾದಷ್ಟಾಯಿತು. ನೀರು ತಾಗಿದೊಡನೆ ಬೀಜದ ಸುತ್ತ ಲೋಳೆ ಕಟ್ಟುತ್ತದೆ, ಆದ್ದರಿಂದ ಇಳಿಜಾರಿನಲ್ಲೂ ಉರುಳದೆ ಅಂಟಿಕೊಳ್ಳುತ್ತದೆ. ಕಿಲ್ಲಾಕ್ಕೆ ಇದನ್ನೇ ಆರಿಸುವುದಕ್ಕೆ ಕಾರಣವೂ ಅದೇ. ನೆನೆಹಾಕಿ ಬಿತ್ತುವುದು ಸಾಮಾನ್ಯವಾದ ತಪ್ಪು: ಲೋಳೆಯ ಮುದ್ದೆಯಾಗಿ ಒಂದೇ ಕಡೆ ಬೀಳುತ್ತದೆ. ಮಣ್ಣನ್ನು ಚೆನ್ನಾಗಿ ತೇವ ಮಾಡಿ, ಒಣ ಬೀಜವನ್ನು ರಂಗೋಲಿಯಂತೆ ಮೂರು ಬೆರಳಲ್ಲಿ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ. ಮೊದಲ ದಿನ ಒದ್ದೆ ಪಂಚೆಯ ತುಂಡೊಂದು ಹೊದಿಸಿಡಿ, ಮೊಳಕೆ ಕಂಡ ಕೂಡಲೇ ತೆಗೆಯಿರಿ. ತಡವಾದರೆ ಬೇರು ಬಟ್ಟೆಗೆ ಸಿಕ್ಕಿಕೊಂಡು ಕಿತ್ತು ಬರುತ್ತದೆ. ದಿನಕ್ಕೆ ಮೂರು ಸಲ ಸ್ಪ್ರೇ ಬಾಟಲಿಯ ನೀರು. ಚೊಂಬಿನಿಂದ ಸುರಿದರೆ ಬೀಜವೆಲ್ಲ ಕಣಿವೆಗೆ.

ಐದನೇ ದಿನಕ್ಕೆ ಬೆರಳ ಗೆಣ್ಣಿನಷ್ಟು ಹಸಿರು. ಒಂಬತ್ತು ಹತ್ತನೇ ದಿನಕ್ಕೆ ಉದ್ದವಾಗಿ ಬಾಗಿ ಹಳದಿಯಾಗಲು ಶುರು. ಹಬ್ಬ ನಾಲ್ಕು ದಿನ, ಅದಕ್ಕೇ ಬೀಜದ ದಿನ ತಪ್ಪಬಾರದು ಎಂದದ್ದು. ರಾಗಿ ಹಾಕಿದರೆ ನಿಜವಾದ ಹುಲ್ಲಿನ ಎಸಳು ಬರುತ್ತದೆ, ಒಂದೆರಡು ದಿನ ಮುಂಚೆ ಬಿತ್ತಿ. ಮೆಂತ್ಯ ಬೇಡ, ಅದರ ಎಲೆಯ ಪಕ್ಕದಲ್ಲಿ ಆನೆಯೂ ಆಡಿನಂತೆ ಕಾಣುತ್ತದೆ.

ಅಕ್ಟೋಬರ್ ಕೊನೆಯ ಸಂಜೆ ಮಳೆಯನ್ನು ನಂಬುವಂತಿಲ್ಲ. ರಾತ್ರಿ ನಾಲ್ಕು ಕೋಲು ನೆಟ್ಟು ಪ್ಲಾಸ್ಟಿಕ್ ಹೊದಿಸಿ, ಹಸಿರಿಗೆ ತಾಗದಷ್ಟು ಎತ್ತರಕ್ಕೆ.

ಬೊಂಬೆಗೆ ಕಸಬಾ ಪೇಠೆಯ ಕುಂಭಾರವಾಡಾಕ್ಕೆ ಹೋಗುವಾಗ ಬಾಗಿಲ ಎತ್ತರ ಅಳೆದ ದಾರವನ್ನು ಜೇಬಿನಲ್ಲಿಟ್ಟುಕೊಳ್ಳಿ. ಮಾವಳೆ ತನ್ನ ಬಾಗಿಲಿಗಿಂತ ದೊಡ್ಡವನಾಗಿರುವ ಕಿಲ್ಲಾಗಳನ್ನು ಪುಣೆ ತುಂಬಾ ನೋಡಬಹುದು. ಹಣತೆಗಳನ್ನು ಹಸಿರಿನಿಂದ ಒಂದು ಗೇಣು ದೂರ ಇಡಿ. ಮಾಹಿತಿ ಫಲಕ ಮರಾಠಿಯಲ್ಲೂ ಕನ್ನಡದಲ್ಲೂ ಇರಲಿ, ಬರೆಯುವ ಕೆಲಸ ಮಗುವಿನದು. ಕನ್ನಡ ಅಕ್ಷರ ಕಲಿಸಲು ವರ್ಷಪೂರ್ತಿ ಹೆಣಗುವ ಮನೆಗಳಲ್ಲಿ ಈ ಹತ್ತು ಸಾಲು ತಕರಾರಿಲ್ಲದೆ ಬರೆದುಬಿಡುತ್ತಾರೆ.

ಕೊನೆಯ ದಿನ ಕಿಲ್ಲಾದೊಳಗೆ ಸುತಳಿ ಬಾಂಬ್ ಇಟ್ಟು ಉಡಾಯಿಸುವ ಹುಡುಗರಿದ್ದಾರೆ. ಇಟ್ಟಿಗೆ ಚೂರು ಕಣ್ಣಿಗೆ ಹಾರುತ್ತದೆ, ಒಪ್ಪಲೇಬೇಡಿ. ತುಳಸಿ ಮದುವೆಯವರೆಗೆ ಇಟ್ಟು, ಬಳೆಯ ಗಾಜು ಆರಿಸಿ ತೆಗೆದು, ಮಣ್ಣನ್ನು ಕುಂಡಗಳಿಗೆ ಹಾಕಿ. ಗೋಣಿ ತೊಳೆದು ಒಣಗಿಸಿ. ಬೊಂಬೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, ಗಡದ ಮೇಲೆ ಬರೆದ ಆ ಹಾಳೆಯನ್ನೂ ಅದರೊಳಗೇ ಮಡಚಿಟ್ಟು, ಮುಚ್ಚಳದ ಮೇಲೆ ಇಸವಿ ಮತ್ತು ಮುಂದಿನ ವರ್ಷ ಹತ್ತಬೇಕಾದ ಗಡದ ಹೆಸರು ಬರೆಯಿರಿ.