ಅಂಕೋರ್ ವಾಟ್‌ಗೆ ಹೊಂಟೀರೇನು? ಮೊದ್ಲ ಹಾವೇರಿ ಪುರಸಿದ್ಧೇಶ್ವರನ ಗುಡಿಗೆ ಹೋಗಿ ಬರ್ರಿ

ನಮ್ಮ ಕಡೆ ಫಾರಿನ್ ಅಂದ್ರ ದುಬೈ, ಸಿಂಗಾಪುರ, ಮಾಲು, ಶಾಪಿಂಗು. ಹಳೇ ಗುಡಿ, ಹಳೇ ಊರು ನೋಡಾಕಂತನ ವಿಮಾನ ಹತ್ತೋರು ಕಮ್ಮಿ, ಹತ್ತಿದ್ರೂ ಏಜೆಂಟ್ ಮಾತು ಕೇಳಿ ಆರು ದಿನದಾಗ ಮೂರು ದೇಶ ಓಡಾಡಿ ಬಂದು, ಆಮ್ಯಾಲೆ ಯಾವ ಫೋಟೋ ಯಾವ ಊರಂದು ಅಂತ ತಾವ ಮರ್ತಿರ್ತಾರ. ನಾನೂ ಮೊದ್ಲನೇ ಸಲ ಅದ ತಪ್ಪು ಮಾಡಿದ್ದೆ, ಬಸ್ಸಿನ ಕಿಡಕಿಯಾಗ ನೋಡಿದ್ದ ಜಾಸ್ತಿ. ಎರಡನೇ ಸಲ ಅವ್ವನ್ನ ಕರ್ಕೊಂಡು ಒಂದ ಊರಿಗೆ ಹೋದೆ, ಕಾಂಬೋಡಿಯಾದ ಸಿಯೆಮ್ ರೀಪ್, ಪೂರ್ತಿ ಐದು ದಿನ. ಅಂಕೋರ್ ವಾಟ್ ಅನ್ನೋ ಹಳೇ ಗುಡಿ ಇರೂದು ಈ ಊರಿಗೆ ಹತ್ತಿಕೊಂಡ. ಹೋಗೋ ವಿಚಾರ ಇದ್ದೋರಿಗೆ ಉಪಯೋಗ ಆಗ್ಲಿ ಅಂತ ಬರೀತೀನಿ.

ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಆಯ್ತವಾರ ಹಾವೇರಿಗೆ ಹೋಗ್ರಿ, ಚಾಷ್ಟಿ ಅಲ್ರಿ. ಪುರಸಿದ್ಧೇಶ್ವರ ಗುಡಿ ಮುಖ ಪಡುವಣಕ್ಕ ಐತಿ, ಸಾಮಾನ್ಯವಾಗಿ ಗುಡಿ ಅಂದ್ರ ಮೂಡಣಕ್ಕ ಇರ್ತಾವಲ್ಲ, ಇದು ಉಲ್ಟಾ. ಮುಂಜಾನೆ ಹೋಗಿ ಒಮ್ಮೆ ನೋಡ್ರಿ, ಸಂಜಿ ನಾಲ್ಕಕ್ಕ ಹೊಳ್ಳಿ ಅದ ಜಾಗಾದಾಗ ನಿಂತು ನೋಡ್ರಿ. ಮುಂಜಾನೆ ಮುಂದಿನ ಕಡೆ ನೆರಳು, ಸಂಜಿಕಿ ಬಿಸಲು ಬಿದ್ದ ಮ್ಯಾಲೆ ಅದ ಕಲ್ಲಿನಾಗ ಕೆತ್ತನಿ ಎದ್ದು ಬರ್ತಾವ. ಅಂಕೋರ್ ವಾಟೂ ಪಡುವಣಕ್ಕ ಮುಖ ಮಾಡಿದ್ದು. ಈ ಒಂದು ಮಾತು ಗೊತ್ತಿದ್ರ ಅಲ್ಲಿ ನಿಮ್ಮ ಇಡೀ ದಿನದ ಟೈಮ್‌ಟೇಬಲ್ ಸರಿ ಆಗ್ತೈತಿ, ಹೆಂಗ ಅಂತ ಮುಂದ ಹೇಳ್ತೀನಿ.

ಕಾಗದ ಪತ್ರದ್ದು ಲಗೂನ ಮುಗಿಸ್ತೀನಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಾಗ ಐತಿ, ಬೆಂಗಳೂರಿಗೆ ಓಡಾಡೂದು ಬ್ಯಾಡ. ಆದ್ರ ಹೆಸರಿನ ಕಡೆ ಲಕ್ಷ್ಯ ಇರ್ಲಿ. ಅವ್ವನ ಆಧಾರದಾಗ ಬರೇ ಒಂದ ಹೆಸರು, ಅಡ್ಡಹೆಸರ ಇಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಾಗ ಅಪ್ಪನ ಹೆಸರು ಬ್ಯಾರೆ ಸೇರೈತಿ, ಅದನ್ನ ಸರಿ ಮಾಡ್ಸಾಕ ನನಗ ಎರಡು ತಿಂಗಳ ಹಿಡೀತು. ಮಠ, ಬಡಿಗೇರ, ಮೆಣಸಿನಕಾಯಿ ಏನರ ಇರ್ಲಿ, ಅಡ್ಡಹೆಸರಿನ ಕಾಲಮ್ ಖಾಲಿ ಬಿಡಬ್ಯಾಡ್ರಿ, ಕೆಲವು ದೇಶದಾಗ ಒಂದ ಹೆಸರಿನ ಪಾಸ್‌ಪೋರ್ಟ್ ತಕರಾರು ಆಗ್ತೈತಿ. ಪಾಸ್‌ಪೋರ್ಟ್ ಇದ್ದೋರು ಮುಗಿಯೋ ತಾರೀಖ್ ನೋಡ್ಕೋರಿ, ಕನಿಷ್ಠ ಆರು ತಿಂಗಳ ಉಳಿದಿರ್ಬೇಕು. ವೀಸಾ ಆನ್‌ಲೈನ್‌ದಾಗ ಸಿಗ್ತೈತಿ, ಕಾಂಬೋಡಿಯಾ ಸರ್ಕಾರದ ವೆಬ್‌ಸೈಟಿನಾಗನ ಹಾಕ್ರಿ, ಅದರಂಗ ಕಾಣೋ ಡಬಲ್ ರೊಕ್ಕ ಕಿತ್ಕೊಳ್ಳೋ ಸೈಟ್ ಭಾಳ ಅದಾವ.

ಹುಬ್ಬಳ್ಳಿಯಿಂದ ಸೀದಾ ವಿಮಾನ ಇಲ್ಲ. ಬೆಂಗಳೂರಿಗೆ ಟ್ರೇನೋ ಬಸ್ಸೋ, ಅಲ್ಲಿಂದ ಬ್ಯಾಂಕಾಕ್, ಸಿಂಗಾಪುರ ಅಥವಾ ಕ್ವಾಲಾಲಂಪುರದಾಗ ಬದಲಿ ಮಾಡ್ಕೊಂಡು ಹೋಗ್ಬೇಕು. ರಾತ್ರಿ ಫ್ಲೈಟ್ ಇದ್ರ ಹಿಂದಿನ ದಿನಾನ ಬೆಂಗಳೂರು ಮುಟ್ರಿ. ಬ್ಯಾಂಕಾಕಿನಿಂದ ರಸ್ತಾದ ಮ್ಯಾಲೆ ಸಸ್ತಾದಾಗ ಹೋಗಬಹುದು ಅಂತ ಹಳೇ ವಿಡಿಯೋದಾಗ ಹೇಳಿರ್ತಾರ, ಅದನ್ನ ನಂಬಬ್ಯಾಡ್ರಿ, 2025ರಾಗ ಥೈಲ್ಯಾಂಡ್ ಕಾಂಬೋಡಿಯಾ ನಡುವ ಗಡಿ ಜಗಳ ಆಗಿ ಗುಂಡು ಹಾರ್ಯಾವ. ಹೊರಡೋ ಮುಂಚೆ ನಮ್ಮ ವಿದೇಶಾಂಗ ಸಚಿವಾಲಯ ಏನ್ ಸೂಚನಾ ಕೊಟ್ಟೈತಿ ನೋಡೇ ರೊಕ್ಕ ಕಟ್ರಿ. ತಿಂಗಳು ಅಂದ್ರ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್‌ದಾಗ ಅಲ್ಲಿ ಬಿಸಲು ನಮ್ಮ ಗದಗಿನ ಬಿಸಲಿಗೇನೂ ಕಮ್ಮಿ ಇಲ್ಲ, ಮ್ಯಾಲೆ ಬೆವರು ಬ್ಯಾರೆ.

ಬೂಟು ಹೊಸಾವು ತೊಗೊಂಡ್ರ ಹುಬ್ಬಳ್ಳಿ ಸ್ಟೇಷನ್ನಿನಾಗ ಟೆಸ್ಟ್ ಮಾಡ್ರಿ. ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಐತಲ್ಲ, ಜಗತ್ತಿನಾಗ ಎಲ್ಲಕ್ಕಿಂತ ಉದ್ದಂದು, ಈ ತುದಿಯಿಂದ ಆ ತುದಿಗೆ ಹೋಗಿ ಬಂದ್ರ ಮೂರು ಕಿಲೋಮೀಟರ್. ಅಷ್ಟು ನಡ್ದು ಹಿಮ್ಮಡ ಕಚ್ಚಲಿಲ್ಲ ಅಂದ್ರ ಆ ಬೂಟು ನಡೀತಾವ. ನಾನು ಟೆಸ್ಟ್ ಮಾಡ್ಲಾರ್ದ ಹೋಗಿ ಎರಡನೇ ದಿನಕ್ಕ ಬೊಬ್ಬೆ ಎದ್ದು, ಅವ್ವನ ಹಳೇ ಚಪ್ಪಲ್ ಹಾಕ್ಕೊಂಡು ತಿರಗ್ಯಾಡೀನಿ.

ಈಗ ಮುಖ್ಯ ಸುದ್ದಿ. ಅಂಕೋರ್ ಅಂದ್ರ ಒಂದ ಗುಡಿ ಅಲ್ಲ, ಹಳೇ ಖ್ಮೇರ್ ರಾಜರ ರಾಜಧಾನಿ, ಸುಮಾರು 400 ಚದರ ಕಿಲೋಮೀಟರ್ ಹರಡ್ಕೊಂಡೈತಿ. ಪಾಸ್ ತೊಗೋಬೇಕು, ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಮೂರು ದಿನದ್ದ ತೊಗೋರಿ, ಅದನ್ನ ಹತ್ತು ದಿನದೊಳಗ ಯಾವಾಗ ಬೇಕಾದಾಗ ಬಳಸಬಹುದು, ನಡುವ ಒಂದು ದಿನ ರೂಮಿನ್ಯಾಗ ಮಲ್ಕೊಂಡ್ರೂ ಲುಕ್ಸಾನಿಲ್ಲ. ಟಿಕೆಟ್ ಗುಡಿ ಬಾಗಲದಾಗ ಸಿಗಂಗಿಲ್ಲ, ಬ್ಯಾರೆ ಕಡೆ ಟಿಕೆಟ್ ಆಫೀಸ್ ಐತಿ ಇಲ್ಲಾಂದ್ರ ಆನ್‌ಲೈನ್. ಹೆಗಲು ಮೊಣಕಾಲು ಮುಚ್ಚೋ ಅರಿವಿ ಹಾಕ್ಕೋರಿ, ಚಡ್ಡಿ ಹಾಕಿದ್ರ ಮ್ಯಾಲಿನ ಅಂತಸ್ತಿಗೆ ಬಿಡಂಗಿಲ್ಲ. ಅವ್ವ ಇಳಕಲ್ ಸೀರಿಯಾಗನ ಬಂದಿದ್ಳು, ಅಲ್ಲಿ ಮಂದಿ ಗುಡಿ ಬಿಟ್ಟು ಅಕಿ ಜೋಡಿ ಫೋಟೋ ತೆಗಿಸ್ಕೊಂಡ್ರು.

ಎರಡನೇ ಸೂರ್ಯವರ್ಮ 12ನೇ ಶತಮಾನದಾಗ ವಿಷ್ಣುವಿಗೆ ಅಂತ ಕಟ್ಟಿಸಿದ್ದು ಅಂಕೋರ್ ವಾಟ್. ನಸುಕಿನ ಐದಕ್ಕ ಬಾಗಲ ತೆಗೀತಾರ, ಎಲ್ಲಾರೂ ಎಡಗಡೆ ಹೊಂಡದ ದಂಡಿಗೆ ನಿಂತು ಸೂರ್ಯೋದಯದ ಫೋಟೋಕ್ಕ ನೂಕಾಡ್ತಿರ್ತಾರ. ಗುಡಿ ಮುಖ ಪಡುವಣಕ್ಕ ಅಂದ್ನೆಲ್ಲ, ಅದಕ್ಕ ಸೂರ್ಯ ಗುಡಿ ಹಿಂದಿಂದ ಬರ್ತಾನ, ಗೋಪುರ ಕರ್ರಗ ಕಾಣ್ತಾವ, ಚಂದ ಇರ್ತೈತಿ, ಆದ್ರ ಕೆತ್ತನಿ ಒಂದೂ ಕಾಣಂಗಿಲ್ಲ. ಫೋಟೋ ಆದ ಮ್ಯಾಲೆ ಮಂದಿ ನಾಷ್ಟಾಕ್ಕಂತ ಹೊರಗ ಹೊಂಟ್ರ ನೀವು ಒಳಗ ಹೋಗ್ರಿ, ಸೀದಾ ಮೂಡಣ ಕಡೆ ಪಡಸಾಲಿಗೆ. ಆಗ ಅಲ್ಲಿ ಬಿಸಲು ಬೀಳ್ತಿರ್ತೈತಿ, ಸಮುದ್ರ ಮಥನ ಇರೂದೂ ಅಲ್ಲೇ.

ಸುಮಾರು 49 ಮೀಟರ್ ಉದ್ದದ ಗ್ವಾಡಿ. ಒಂದು ಕಡೆ ರಾಕ್ಷಸರು, ಒಂದು ಕಡೆ ದೇವತೆಗಳು, ನಡುವ ವಿಷ್ಣು, ಕೆಳಗ ಆಮೆ, ಎಲ್ಲಾರ ಕೈಯಾಗ ವಾಸುಕಿ. ಇಲ್ಲಿ ಅರ್ಧಾ ತಾಸು ಕೊಡ್ರಿ. ಗೈಡ್ ನಡುವ ಒಂದ ಕಡೆ ನಿಲ್ಲಿಸಿ ಮುಂದ ಹೊಕ್ಕಾನ, ನೀವು ಹಾವಿನ ಬಾಲದ ತುದೀತನಕ ನಡೀರಿ. ದೇವತೆಗಳ ಕಡೆ ಕಟ್ಟಕಡೀಗೆ ಬಾಲ ಹಿಡ್ಕೊಂಡು ನಿಂತಾಂವ ಒಬ್ಬ ದೊಡ್ಡ ಮಂಗ್ಯಾ! ಅವ್ವ ಅದನ್ನ ನೋಡಿ, “ಏ, ಹನುಮಪ್ಪ ಇಲ್ಲಿಗ್ಯಾಕ ಬಂದ, ಆಗಿನ್ನೂ ಹುಟ್ಟಿರ್ಲಿಲ್ಲಲ್ಲೋ” ಅಂತ ಗೈಡ್‌ಗ ಕೇಳು ಕೇಳು ಅಂತ ಬೆನ್ನು ಹತ್ತಿದ್ಳು. ಗೈಡ್ ನಕ್ಕು “ಇದು ನಮ್ಮ ಊರಿನ ಕಥಿ” ಅಂದ, ಅಲ್ಲಿಗೆ ಜಗಳ ಮುಗೀತು.

ಮಧ್ಯಾಹ್ನ ರೂಮಿಗೆ ಹೋಗಿ ಮಲ್ಕೋರಿ, ಮೂರರ ಮ್ಯಾಲೆ ಹೊಳ್ಳಿ ಬರ್ರಿ, ಈಗ ಪಡುವಣ ಪಡಸಾಲಿ ಸರದಿ. ಮುಂದಿನ ಬಾಗಲದಾಗ ಒಳಗ ಬಂದು ಬಲಕ್ಕ ಹೊಳ್ಳಿದ್ರ ಕುರುಕ್ಷೇತ್ರ, ಬಾಣದ ಮ್ಯಾಲೆ ಮಲಗಿದ ಭೀಷ್ಮನ್ನ ಹುಡುಕ್ರಿ. ಎಡಕ್ಕ ಹೊಳ್ಳಿದ್ರ ಲಂಕಾ ಯುದ್ಧ. ಪೂರ್ತಿ ಸುತ್ತು ಹಾಕೋರಿಗೆ ಒಂದು ಮಾತು, ಇಲ್ಲಿ ಕೆತ್ತನಿ ಸಾಲಾಗಿ ನೋಡ್ಬೇಕಂದ್ರ ಗ್ವಾಡಿ ಎಡಗೈಗೆ ಬರೂ ಹಂಗ ನಡೀಬೇಕು, ಅಂದ್ರ ನಾವು ಪ್ರದಕ್ಷಿಣಿ ಹಾಕೂದರ ಉಲ್ಟಾ. ಸತ್ತೋರ ಕ್ರಿಯಾಕರ್ಮದ ಲೆಕ್ಕದಾಗ ಹಿಂಗ ಇಟ್ಟಾರ, ರಾಜನ ಸಮಾಧಿ ಅಂತನ ಕಟ್ಟಿರಬೇಕು ಅಂತ ಭಾಳ ವಿದ್ವಾಂಸರು ಅಂತಾರ. ಅವ್ವ ಮಾತ್ರ ಉಲ್ಟಾ ಸುತ್ತು ಹಾಕೂದಿಲ್ಲ ಅಂತ ಕಂಬಕ್ಕ ಆತು ಕುಂತ್ಬಿಟ್ಳು, ನಾನೊಬ್ಬನ ಹೋಗಿ ಬಂದೆ.

ಎರಡನೇ ದಿನ ಏಳನೇ ಜಯವರ್ಮನ ಬಯೋನ್, ಗೋಪುರಕ್ಕೆಲ್ಲಾ ದೊಡ್ಡ ದೊಡ್ಡ ನಗುಮುಖ. ಆಮ್ಯಾಲೆ ಗಿಡದ ಬೇರು ಗ್ವಾಡಿ ಅಪ್ಪಿದ ತಾ ಪ್ರೋಮ್, ಅದನ್ನ ರಿಪೇರಿ ಮಾಡೂದ್ರಾಗ ನಮ್ಮ ಭಾರತದ ಪುರಾತತ್ವ ಇಲಾಖೆಯವರ ಕೈ ಐತಿ. ಟುಕ್‌ಟುಕ್ ಇಡೀ ದಿನಕ್ಕ ಮಾತಾಡ್ಕೋರಿ, ಸ್ಮಾಲ್ ಸರ್ಕ್ಯೂಟ್, ಬಿಗ್ ಸರ್ಕ್ಯೂಟ್ (ಗುಡಿ ನೋಡೋ ಸಣ್ಣ ಸುತ್ತು, ದೊಡ್ಡ ಸುತ್ತು) ಅಂದ್ರ ಅವ್ರಿಗೆ ತಿಳೀತೈತಿ.

ರೊಕ್ಕ ಡಾಲರ್‌ದಾಗ ಒಯ್ಯಿರಿ, ಸಣ್ಣ ನೋಟು ಜಾಸ್ತಿ ಇರ್ಲಿ, ಅಂಚು ಹರಿದಿದ್ದು ಬ್ಯಾಂಕಿನಾಗ ಕೊಟ್ರ ಬದಲಿ ಕೇಳ್ರಿ. ಕೂದಲೆಳಿಯಷ್ಟು ಹರಿದ ನನ್ನ 20 ಡಾಲರ್ ನೋಟು ಅಲ್ಲಿ ಒಬ್ರೂ ಮುಟ್ಟಲಿಲ್ಲ, ಹಂಗ ಹೊಳ್ಳಿ ಮನಿಗೆ ಬಂತು. ಚಿಲ್ಲರ ಅಲ್ಲಿಯ ರೊಕ್ಕ ರಿಯೆಲ್‌ದಾಗ ಕೊಡ್ತಾರ, ಡಾಲರಿಗೆ ಸುಮಾರು 4000.

ಊಟದ್ದು ಶಾಖಾಹಾರಿಗಳಿಗೆ ಕಷ್ಟ ಐತಿ, ಪಲ್ಯಾಕ್ಕೂ ಮೀನಿನ ಸಾಸ್ ಹಾಕ್ತಾರ, “ನೋ ಮೀಟ್” ಅಂದ್ರ ಸಾಲಂಗಿಲ್ಲ, ಫಿಶ್ ಸಾಸೂ ಬ್ಯಾಡ ಅಂತ ಬಿಡಿಸಿ ಹೇಳ್ರಿ. ನಾವು ಕಟಕ್ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದಿದ್ವಿ, ಮೊಸರು ಅಲ್ಲೇ ಅಂಗಡಿಯಾಗ ಸಿಕ್ತು. ಚಟ್ನಿ ಚೆಕ್-ಇನ್ ಬ್ಯಾಗಿನಾಗ ಹಾಕ್ರಿ, ಕೈ ಬ್ಯಾಗಿನಾಗ ಹಾಕಿದ್ರ ಸೆಕ್ಯೂರಿಟಿಯವರು ಪುಡಿ ಏನು ಅಂತ ಬಿಚ್ಚಿಸ್ತಾರ.

ಕಡೀ ದಿನಕ್ಕ ಬಾಂತೇ ಸ್ರೈ ಇಟ್ಕೋರಿ. ಊರಿಂದ ದೂರ, ಗುಡಿ ಸಣ್ಣದು, ಗುಲಾಬಿ ಬಣ್ಣದ ಕಲ್ಲು, 967ರಾಗಿಂದು. ಬಾಗಲದ ಮ್ಯಾಲಿನ ಕೆತ್ತನಿ ಅಂತೂ ಕಟಿಗಿಯಾಗ ಕೆತ್ತಿದಂಗ ಐತಿ. ಅವ್ವ ಭಾಳ ಹೊತ್ತು ನೋಡಿ “ನಮ್ಮ ಲಕ್ಕುಂಡಿ ಬಾಗಲಾನ ಇದು” ಅಂದ್ಳು. ಕಲ್ಲು ಬ್ಯಾರೆ, ನಮ್ದು ಬಳಪದ ಕಲ್ಲು ಇದು ಮರಳುಗಲ್ಲು, ಆದ್ರ ಲಕ್ಕುಂಡಿಯಾಗ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಾಗ, ಹೆಚ್ಚೂಕಮ್ಮಿ ಒಂದ ಕಾಲ ನೋಡ್ರಿ.

ಹೊಳ್ಳಿ ಬರೂ ದಿನ ಏರ್‌ಪೋರ್ಟಿಗೆ ಲಗೂನ ಬಿಡ್ರಿ, 2023ರಾಗ ಶುರುವಾದ ಹೊಸಾ ಏರ್‌ಪೋರ್ಟ್ ಊರಿಂದ 40 ಕಿಲೋಮೀಟರಿಗೂ ದೂರ. ಟೈಮ್ ಉಳದ್ರ ಕಾಂಪೋಟ್ ಕಾಳುಮೆಣಸು ತೊಗೋರಿ, ಆ ದೇಶದ್ದು ಹೆಸರುವಾಸಿ ಮಾಲು. ಬ್ಯಾಡಗಿ ಮೆಣಸಿನಕಾಯಿ ಬಿಟ್ಟು ಮತ್ತ್ಯಾವುದನ್ನೂ ಖಾರ ಅಂತ ಒಪ್ಪದ ಅವ್ವ ಎರಡು ಕಾಳು ಬಾಯಾಗ ಹಾಕ್ಕೊಂಡು, ಏನೂ ಮಾತಾಡ್ಲಾರ್ದ ಮೂರು ಪಾಕೀಟು ಕಟ್ಟಿಸ್ಕೊಂಡ್ಳು.