ಗಂಡ ಮಾತಾಡುತ್ತಾನೆ, ಹೆಂಡತಿ ಎಲ್ಲಿ? ಬ್ರೌನಿಂಗ್, ದಾಸ್ತೋವ್‌ಸ್ಕಿಯನ್ನು ಜೊತೆಗಿಟ್ಟು ಓದಿದ್ದು

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ ಕವಿತೆ ಪ್ರಕಟವಾದದ್ದು 1842ರಲ್ಲಿ. ರಷ್ಯನ್ ಲೇಖಕ ದಾಸ್ತೋವ್‌ಸ್ಕಿಯ ‘ಕ್ರೋತ್ಕಯಾ’ (ಸೌಮ್ಯೆ) ಕಥೆ ಬಂದದ್ದು 1876ರ ನವೆಂಬರ್‌ನಲ್ಲಿ, ಅವನೇ ತಿಂಗಳಿಗೊಮ್ಮೆ ಹೊರತರುತ್ತಿದ್ದ ‘ಲೇಖಕನ ದಿನಚರಿ’ಯಲ್ಲಿ. ಕವಿತೆ ನಡೆಯುವುದು ಇಟಲಿಯ ಫೆರಾರಾದ ದೊರೆಯಾದ ಡ್ಯೂಕ್‌ನ ಅರಮನೆಯಲ್ಲಿ, ಕಥೆ ಪೀಟರ್ಸ್‌ಬರ್ಗಿನ ಒಬ್ಬ ಗಿರವಿ ವ್ಯಾಪಾರಿಯ ಮನೆಯಲ್ಲಿ. ಎರಡರಲ್ಲೂ ಹೆಂಡತಿ ಸತ್ತಿದ್ದಾಳೆ, ಗಂಡ ಮಾತಾಡುತ್ತಿದ್ದಾನೆ: ಡ್ಯೂಕ್ ಹೊಸ ಮದುವೆಯ ಮಾತಿಗೆ ಬಂದ ದೂತನಿಗೆ ಅವಳ ಚಿತ್ರ ತೋರಿಸುತ್ತಾ, ವ್ಯಾಪಾರಿ ಒಬ್ಬನೇ ತನ್ನಷ್ಟಕ್ಕೆ. ಆಕೆಯ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಅವನ ಬಾಯಿಂದಲೇ. ಈ ಎರಡನ್ನೂ ಜೊತೆಗಿಟ್ಟು ನಾನೊಂದು ವಿಮರ್ಶಾ ಲೇಖನ ಬರೆದೆ. ಅದಕ್ಕೆ ಹೇಗೆ ತಯಾರಾದೆ ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ವಿಮರ್ಶಕರ ಪುಸ್ತಕಗಳನ್ನು ಪಕ್ಕಕ್ಕಿಟ್ಟೆ. ‘ನಾಟಕೀಯ ಸ್ವಗತ’ (ಒಂದೇ ಪಾತ್ರ ಮಾತಾಡುವ ಕವಿತೆ), ‘ಅಧಿಕಾರ’, ‘ಅಸೂಯೆ’ ಅಂತ ಹೆಸರು ಕೊಟ್ಟುಬಿಟ್ಟರೆ ಓದು ಅಲ್ಲಿಗೇ ನಿಂತುಹೋಗುತ್ತೆ. ಅದರ ಬದಲು ಒಂದು ನೋಟ್‌ಬುಕ್ ತಗೊಂಡು, ಎಡಗಡೆ ಡ್ಯೂಕ್‌ನ ಹೆಂಡತಿ, ಬಲಗಡೆ ಗಿರವಿ ವ್ಯಾಪಾರಿಯ ಹೆಂಡತಿ ಅಂತ ಬರೆದುಕೊಂಡೆ. ಆ ಹೆಣ್ಣುಮಕ್ಕಳು ತಮ್ಮ ಬಾಯಲ್ಲಿ ಆಡಿದ ಮಾತುಗಳನ್ನಷ್ಟೇ ಅಲ್ಲಿ ಇಳಿಸಬೇಕು. ಗಂಡ ಕೊಡುವ ವರ್ಣನೆಗೆ ಜಾಗವಿಲ್ಲ.

ಡಚೆಸ್‌ನ ಪುಟ ಖಾಲಿ ಉಳಿಯಿತು. 56 ಸಾಲುಗಳಲ್ಲಿ ಆಕೆಯದು ಒಂದು ಮಾತೂ ಇಲ್ಲ. ಡ್ಯೂಕ್‌ಗೆ ನೆನಪು ಕಡಿಮೆ ಅಂತಲ್ಲ. ಚಿತ್ರ ಬರೆದ ಫ್ರಾ ಪಂಡಾಲ್ಫ್ ಏನಂದಿರಬಹುದು ಅನ್ನೋದನ್ನು ಅವನು ಮಾತಿಗೆ ಮಾತು ಹೇಳುತ್ತಾನೆ: ಮೇಲುಡುಗೆ ಮಣಿಕಟ್ಟನ್ನು ಜಾಸ್ತಿ ಮುಚ್ಚಿದೆ, ಕೊರಳಲ್ಲಿ ಮೂಡಿ ಮಾಯುವ ಆ ಕೆಂಪನ್ನು ಬಣ್ಣದಲ್ಲಿ ಹಿಡಿಯೋಕಾಗಲ್ಲ. ಇಂಥ ಚಿಕ್ಕಪುಟ್ಟ ಉಪಚಾರದ ಮಾತಿಗೂ ಕವಿತೆಯಲ್ಲಿ ಜಾಗವಿದೆ. ಆದರೆ ಹೆಂಡತಿಯ ಮಾತು ಬಂದಾಗ, ಅವಳು ಎಲ್ಲರಿಗೂ ಕೃತಜ್ಞತೆ ಹೇಳುತ್ತಿದ್ದಳು, ಅದೇನೋ ಒಂಥರಾ ಹೇಳುತ್ತಿದ್ದಳು ಅಂತ ಹಾರಿಸಿಬಿಡುತ್ತಾನೆ. ಏನು ಹೇಳಿದಳು ಅಂತ ಇಲ್ಲ. ಯಾರೋ ತೋಟದಿಂದ ಮುರಿದು ತಂದುಕೊಟ್ಟ ಚೆರ್ರಿ ಕೊಂಬೆಗೂ ತನ್ನ ಒಂಬೈನೂರು ವರ್ಷದ ಹೆಸರಿಗೂ ಅವಳು ಒಂದೇ ಬೆಲೆ ಕೊಟ್ಟಳು ಅನ್ನೋದು ಅವನ ದೂರು. ಅಷ್ಟು ದೊಡ್ಡ ಹೆಸರಿನವನ ಬಾಯಲ್ಲಿ ಹೆಂಡತಿಯ ಹೆಸರು ಬರುವುದೇ ಇಲ್ಲ. ಚಿತ್ರಕಾರನ ಹೆಸರಿದೆ, ಕೊನೆಯಲ್ಲಿ ಸಮುದ್ರದೇವತೆ ನೆಪ್ಚೂನ್‌ನ ಕಂಚಿನ ಮೂರ್ತಿ ಮಾಡಿಕೊಟ್ಟ ಶಿಲ್ಪಿ ಕ್ಲಾಸ್‌ನ ಹೆಸರಿದೆ.

ಆಮೇಲೆ ಗಟ್ಟಿಯಾಗಿ ಓದಿದೆ. ಇದು ಎಲ್ಲರೂ ಮಾಡಲೇಬೇಕಾದ ಕೆಲಸ. ಕವಿತೆಯಲ್ಲಿ ಎರಡೆರಡು ಸಾಲಿಗೆ ಅಂತ್ಯಪ್ರಾಸ ಇದೆ, ಒಟ್ಟು 28 ಜೋಡಿ. ಪ್ರತಿ ಸಾಲಿನ ಕೊನೆಗೆ ನಿಂತು ಓದಿದರೆ ಪ್ರಾಸ ಟಣ್ ಅಂತ ಕೇಳಿಸುತ್ತೆ. ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು ಓದಿದರೆ ಪ್ರಾಸ ಇದೆಯೆಂಬುದೇ ತಿಳಿಯಲ್ಲ, ಯಾರೋ ದೊಡ್ಡಮನುಷ್ಯ ಸುಮ್ನೆ ಹರಟುತ್ತಿದ್ದಾನೆ ಅನ್ನಿಸುತ್ತೆ. ಡ್ಯೂಕ್‌ನ ಸ್ವಭಾವವೇ ಇದು ಅಲ್ವಾ? ಮೇಲೆ ಹರಟೆ, ಒಳಗೆ ಬಿಗಿ ಹಿಡಿತ. ಹೆಂಡತಿಯ ತಪ್ಪುಗಳನ್ನು ಹೇಳುವಾಗ ವಾಕ್ಯಗಳು ಬಳಸಿ ಬಳಸಿ ಹೋಗುತ್ತವೆ. ಅಪ್ಪಣೆ ಕೊಟ್ಟೆ, ನಗುವೆಲ್ಲ ನಿಂತಿತು ಅನ್ನುವಲ್ಲಿ ಮಾತು ಮೋಟಾಗುತ್ತದೆ. ಅದರ ಬೆನ್ನಿಗೇ ಅತಿಥಿಯನ್ನು ಏಳಿ ಅಂತ ಕರೆಯುತ್ತಾನೆ. ಏನು ಅಪ್ಪಣೆ ಅಂತ ಕೇಳಿದವರಿಗೆ ಬ್ರೌನಿಂಗ್ ಮುಂದೊಮ್ಮೆ, ಕೊಲ್ಲಿಸಿದ ಅಂತಲೇ ನನ್ನ ಮನಸ್ಸಲ್ಲಿದ್ದದ್ದು, ಇಲ್ಲವೇ ಕಾನ್ವೆಂಟಿಗೆ ಹಾಕಿಸಿರಲೂಬಹುದು ಎಂಬ ಅರ್ಥದಲ್ಲಿ ಉತ್ತರ ಕೊಟ್ಟ. ನನಗೆ ಆ ಪ್ರಶ್ನೆ ದೊಡ್ಡದಲ್ಲ. ಅದನ್ನು ಅಷ್ಟು ಚಿಕ್ಕದಾಗಿ ಹೇಳಿ ಮುಗಿಸಿದನಲ್ಲ, ಅದು ದೊಡ್ಡದು. ಕವಿತೆಯ ಡ್ಯೂಕ್‌ಗೆ ಮಾದರಿ ಎನ್ನಲಾದ ಇತಿಹಾಸದ ಡ್ಯೂಕ್ ಎರಡನೇ ಅಲ್ಫಾನ್ಸೊ, ಅವನ ಹೆಂಡತಿ ಲುಕ್ರೆಝಿಯಾ ಮೆಡಿಚಿ 1561ರಲ್ಲಿ ತೀರಿಕೊಂಡದ್ದು, ಇದಕ್ಕೆಲ್ಲ ಲೇಖನದಲ್ಲಿ ಒಂದೇ ವಾಕ್ಯ ಕೊಟ್ಟೆ.

ದಾಸ್ತೋವ್‌ಸ್ಕಿ ಕಡೆ ಬಂದಾಗ ಒಂದು ಮಿತಿ ಇತ್ತು. ನನಗೆ ರಷ್ಯನ್ ಬರಲ್ಲ. ಎರಡು ಇಂಗ್ಲಿಷ್ ಅನುವಾದ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಹಾಗಾಗಿ ವಾಕ್ಯದ ಲಯದ ಮೇಲೆ ವಾದ ಕಟ್ಟಲಿಲ್ಲ. ಯಾವುದು ಮೊದಲು ಬರುತ್ತೆ, ಯಾವುದನ್ನು ತಡವಾಗಿ ಹೇಳುತ್ತಾನೆ, ಯಾರ ಮಾತು ನಮಗೆ ಸಿಗುತ್ತೆ, ಇವನ್ನು ಯಾವ ಅನುವಾದದಲ್ಲೂ ಗುರುತಿಸಬಹುದು. ಅವನ್ನೇ ನಂಬಿಕೊಂಡೆ.

ಇಲ್ಲೂ ಹೆಂಡತಿಗೆ ಹೆಸರಿಲ್ಲ. ಕೆಲಸದಾಕೆ ಲುಕೆರ್ಯಾಗೆ ಇದೆ. ಆದರೆ ನೋಟ್‌ಬುಕ್ಕಿನ ಬಲಗಡೆ ಪುಟ ಖಾಲಿ ಇರಲಿಲ್ಲ, ವ್ಯತ್ಯಾಸ ಶುರುವಾಗುವುದೇ ಅಲ್ಲಿ. 41 ವರ್ಷದವನು ಹದಿನಾರೂ ತುಂಬದ ಅನಾಥ ಹುಡುಗಿಯನ್ನು ಮದುವೆಯಾಗಿ, ಮೌನದಿಂದಲೇ ಅವಳನ್ನು ಪಳಗಿಸಲು ಹೊರಡುತ್ತಾನೆ. ಡ್ಯುಯೆಲ್‌ಗೆ (ಮಾನಕ್ಕಾಗಿ ಇಬ್ಬರ ನಡುವೆ ನಡೆಯುವ ಆಯುಧದ ಕಾಳಗಕ್ಕೆ) ಹೆದರಿದವನು ಅಂತ ತನ್ನನ್ನು ರೆಜಿಮೆಂಟಿನಿಂದ ಹೊರಹಾಕಿದ್ದನ್ನು ಮುಚ್ಚಿಟ್ಟಿರುತ್ತಾನೆ. ಅವಳು ಒಂದು ಸಲ ಅವನ ಕಣತಲೆಗೆ ರಿವಾಲ್ವರ್ ಹಿಡಿಯುತ್ತಾಳೆ. ಆಮೇಲೆ ಕಾಯಿಲೆ ಬೀಳುತ್ತಾಳೆ. ಇಡೀ ಚಳಿಗಾಲ ಇಬ್ಬರೂ ಹೆಚ್ಚುಕಡಿಮೆ ಮಾತಿಲ್ಲದೆ ಕಳೆಯುತ್ತಾರೆ.

ವಸಂತದಲ್ಲಿ ಒಂದು ದಿನ, ಅವನು ಅಲ್ಲೇ ಇರುವಾಗ, ಅವಳು ಹೊಲಿಯುತ್ತಾ ಸಣ್ಣಗೆ ಹಾಡುತ್ತಾಳೆ. ದನಿ ಒಡೆದಿದೆ, ಬತ್ತಿದೆ. ಅವನಿಗೆ ದಿಗಿಲು: ನಾನಿರುವಾಗಲೇ ಹಾಡುತ್ತಾಳಲ್ಲ, ನಾನಿದ್ದೇನೆ ಅನ್ನೋದೇ ಮರೆತುಹೋಯಿತಾ? ಲುಕೆರ್ಯಾಳನ್ನು ಕೇಳಿದರೆ, ನೀವಿಲ್ಲದಾಗ ಒಮ್ಮೊಮ್ಮೆ ಹಾಡುತ್ತಾರೆ ಅನ್ನುತ್ತಾಳೆ. ಅವನಿಲ್ಲದ ಹೊತ್ತಿನಲ್ಲಿ ಆ ಮನೆಯಲ್ಲಿ ಬೇರೊಂದು ಬದುಕು ನಡೆದಿತ್ತು ಅಂತ ಆ ಒಂದು ಉತ್ತರದಲ್ಲಿ ಗೊತ್ತಾಗುತ್ತದೆ. ಅವನು ಓಡಿಬಂದು ಅವಳ ಕಾಲಿಗೆ ಬೀಳುತ್ತಾನೆ, ಪ್ರೀತಿ, ಪ್ರವಾಸ ಅಂತ ಬಡಬಡಿಸುತ್ತಾನೆ. ಆಗ ಅವಳ ಬಾಯಿಂದ ತಾನಾಗಿಯೇ ಒಂದು ಮಾತು ಜಾರುತ್ತದೆ: ನನ್ನನ್ನು ಹಾಗೇ ಬಿಟ್ಟುಬಿಡುತ್ತೀರಿ ಅಂದುಕೊಂಡಿದ್ದೆ.

ನನ್ನ ಲೇಖನದ ಬಹುಪಾಲು ಈ ಒಂದು ಮಾತಿನ ಸುತ್ತ ಇದೆ. ಗಂಡ ಇದನ್ನು ಮುಚ್ಚಿಡಬಹುದಿತ್ತು. ಡ್ಯೂಕ್ ಆಗಿದ್ದರೆ ಖಂಡಿತ ಮುಚ್ಚಿಡುತ್ತಿದ್ದ. ಇವನು ಹೇಳಿಬಿಡುತ್ತಾನೆ, ಅದು ತನ್ನ ವಿರುದ್ಧದ ಸಾಕ್ಷಿ ಅಂತ ಗೊತ್ತಿದ್ದೂ. ಡ್ಯೂಕ್‌ನ ಎದುರು ಹೊಸ ಸಂಬಂಧದ ಮಾತಿಗೆ ಬಂದ ದೂತ ಕೂತಿದ್ದಾನೆ, ವರದಕ್ಷಿಣೆ ಕುದುರಬೇಕಿದೆ. ಅದಕ್ಕೇ ಅವನ ಮಾತು ಅಳತೆ ಮಾಡಿದ್ದು. ಗಿರವಿ ವ್ಯಾಪಾರಿಯ ಎದುರು ಯಾರೂ ಇಲ್ಲ. ಮೇಜಿನ ಮೇಲೆ ಹೆಣ ಮಲಗಿದೆ. ಅವಳು ದೇವರ ಪಟವನ್ನು ಅಪ್ಪಿಕೊಂಡು ಕಿಟಕಿಯಿಂದ ಹಾರಿ ಕೆಲವೇ ಗಂಟೆಗಳಾಗಿವೆ.

ಕಥೆಯ ಮುನ್ನುಡಿಯಲ್ಲಿ ದಾಸ್ತೋವ್‌ಸ್ಕಿ, ಈ ಮನುಷ್ಯ ನೆನಪುಗಳ ಮೂಲಕ ಕೊನೆಗೆ ಸತ್ಯಕ್ಕೆ ಬಂದು ಮುಟ್ಟುತ್ತಾನೆ ಅಂತ ಹೇಳುತ್ತಾನೆ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಲೇಖನದಲ್ಲೂ ಹಾಗೇ ಬರೆದಿದ್ದೇನೆ. ಅವಳನ್ನು ಹಿಂಸಿಸಿದೆ ಅಂತ ಅವನು ಬಾಯಿಬಿಟ್ಟು ಹೇಳುವುದು ನಿಜ. ಆದರೆ ಕಥೆಯ ಕೊನೆಯ ಭಾಗದ ಹೆಸರೇ ‘ಐದೇ ನಿಮಿಷ ತಡವಾಯಿತು’. ಪಾಸ್‌ಪೋರ್ಟಿನ ಕೆಲಸಕ್ಕೆ ಹೋಗಿದ್ದವನು ಐದು ನಿಮಿಷ ಮೊದಲು ಬಂದಿದ್ದರೆ ಆ ಗಳಿಗೆ ದಾಟಿಹೋಗುತ್ತಿತ್ತು, ಎಲ್ಲ ಆಕಸ್ಮಿಕ, ಅನ್ನುತ್ತಾನೆ. ಇಡೀ ಚಳಿಗಾಲದ ಲೆಕ್ಕವನ್ನು ಐದು ನಿಮಿಷದ ಮೇಲೆ ಹೊರಿಸುವವನು ಸತ್ಯದ ಹತ್ತಿರ ಬಂದಿದ್ದಾನೆ ಅಂತ ಹೇಳಬಹುದು, ಮುಟ್ಟಿದ್ದಾನೆ ಅಂತ ಹೇಳೋಕೆ ನನಗೆ ಕಥೆಯಲ್ಲಿ ಆಧಾರ ಸಿಗಲಿಲ್ಲ.