ಸ್ಪೀಕರ್ ಆಯ್ಕೆಯೂ ಸ್ಟ್ಯಾಂಡಿನ ಎತ್ತರವೂ

ಆಂಪ್ಲಿಫೈಯರ್ ಬದಲಾಯಿಸಿದಾಗ ಕೇಳಿಸುವ ವ್ಯತ್ಯಾಸಕ್ಕಿಂತ, ಇರುವ ಸ್ಪೀಕರನ್ನೇ ಗೋಡೆಯಿಂದ ಒಂದಡಿ ಮುಂದಕ್ಕೆ ಸರಿಸಿದಾಗ ಕೇಳಿಸುವ ವ್ಯತ್ಯಾಸ ಅನೇಕ ಸಲ ದೊಡ್ಡದಾಗಿರುತ್ತದೆ. ಆದ್ದರಿಂದ ಸ್ಪೀಕರ್ ಕೊಳ್ಳುವ ಮೊದಲೇ ಅದು ಎಲ್ಲಿ, ಯಾವುದರ ಮೇಲೆ ನಿಲ್ಲಲಿದೆ ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಆಯ್ಕೆಗೆ ಕೋಣೆಯ ಅಳತೆಯೇ ಮೊದಲ ಆಧಾರ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಧ್ವನಿ ಎದುರುಬದುರು ಗೋಡೆಗಳ ನಡುವೆ ಅನುರಣಿಸಿ ಹಿಗ್ಗುತ್ತದೆ. ಆಳವಾದ ಬಾಸ್ ಕೊಡುವ ದೊಡ್ಡ ಸ್ಪೀಕರನ್ನು ಅಲ್ಲಿಟ್ಟರೆ ಕೆಲವು ಸ್ವರಗಳು ಮಾತ್ರ ಗುಂಯ್‌ಗುಟ್ಟಿ ಉಳಿದವುಗಳನ್ನು ಮುಚ್ಚಿಬಿಡಬಹುದು. ಇಂತಹ ಕಡೆ ಸ್ಟ್ಯಾಂಡಿನ ಮೇಲಿಡುವ ಚಿಕ್ಕ ಸ್ಪೀಕರೇ ಸಾಮಾನ್ಯವಾಗಿ ಲೇಸು. ಹಿಂಬದಿಯಲ್ಲಿ ಪೋರ್ಟ್ (ಬಾಸ್ ಹೊರಬರುವ ರಂಧ್ರ) ಇರುವ ಮಾದರಿಯಾದರೆ ಗೋಡೆಯಿಂದ ಇನ್ನಷ್ಟು ಜಾಗ ಬಿಡಬೇಕಾಗುತ್ತದೆ. ಸೆನ್ಸಿಟಿವಿಟಿಯನ್ನೂ, ಅಂದರೆ ಅಷ್ಟೇ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನೂ ನೋಡಬೇಕು: 84 ಡೆಸಿಬೆಲ್‌ನ ಸ್ಪೀಕರ್ 90 ಡೆಸಿಬೆಲ್‌ನದರಷ್ಟೇ ಜೋರಾಗಿ ನುಡಿಯಲು ನಾಲ್ಕು ಪಟ್ಟು ವಿದ್ಯುತ್ ಬೇಡುತ್ತದೆ. 4 ಓಮ್‌ನಷ್ಟು ಕಡಿಮೆ ವಿದ್ಯುತ್ ತಡೆಯಿರುವ ಸ್ಪೀಕರನ್ನು ನಿಮ್ಮ ಆಂಪ್ಲಿಫೈಯರ್ ತಾಳಿಕೊಳ್ಳುತ್ತದೆಯೇ ಎಂಬುದನ್ನು ಅದರ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

ಸ್ಟ್ಯಾಂಡಿನ ಮೊದಲ ಕೆಲಸ ಟ್ವೀಟರನ್ನು, ಅಂದರೆ ಸ್ಪೀಕರಿನಲ್ಲಿ ಏರುಸ್ವರಗಳನ್ನು ನುಡಿಸುವ ಚಿಕ್ಕ ಘಟಕವನ್ನು, ಕಿವಿಯ ಮಟ್ಟಕ್ಕೆ ತರುವುದು. ಎರಡು ಡ್ರೈವರ್‌ಗಳಿಂದ (ಟ್ವೀಟರ್ ಮತ್ತು ತಗ್ಗಿನ ಸ್ವರಗಳ ದೊಡ್ಡ ಘಟಕ) ಹೊರಡುವ ಧ್ವನಿ, ಅವು ಕೂಡುವ ಆವರ್ತನದ ಆಸುಪಾಸಿನಲ್ಲಿ, ಒಂದು ಎತ್ತರದಲ್ಲಿ ಸರಿಯಾಗಿ ಬೆರೆತು ಮೇಲೆ ಕೆಳಗೆ ಹೋದಂತೆ ಒಂದನ್ನೊಂದು ಕಳೆಯತೊಡಗುವುದರಿಂದ, ತಗ್ಗಿನಲ್ಲಿಟ್ಟ ಸ್ಪೀಕರಿನಲ್ಲಿ ಗಾಯಕರ ದನಿ ಮಂಕಾಗಬಹುದು. ನೀವು ಕೂರುವ ಕುರ್ಚಿಯಲ್ಲೇ ಕುಳಿತು ನೆಲದಿಂದ ಕಿವಿಯವರೆಗಿನ ಎತ್ತರ ಅಳೆಯಿರಿ; ಅದರಿಂದ ಸ್ಪೀಕರಿನ ತಳದಿಂದ ಟ್ವೀಟರಿನವರೆಗಿನ ಅಳತೆಯನ್ನು ಕಳೆದರೆ ಬೇಕಾದ ಸ್ಟ್ಯಾಂಡಿನ ಎತ್ತರ ಸಿಗುತ್ತದೆ.

ಎರಡನೆಯ ಕೆಲಸ ಸ್ಪೀಕರನ್ನು ಕಪಾಟು, ಮೇಜುಗಳಿಂದ ಬಿಡಿಸುವುದು. ಮೇಜಿನ ಹಲಗೆಗೆ ತಾಗಿ ಪುಟಿಯುವ ಧ್ವನಿ ನೇರ ಧ್ವನಿಯ ಬೆನ್ನಿಗೇ ಬಂದು ಸ್ಪಷ್ಟತೆಯನ್ನು ಕೆಡಿಸುತ್ತದೆ. ಬಿಡಿಸಿಟ್ಟ ಮೇಲೂ ಹಿಂದಿನ ಗೋಡೆಯ ಪ್ರಭಾವ ತಪ್ಪುವುದಿಲ್ಲ. ಸ್ಪೀಕರಿನ ಮುಂಭಾಗ ಗೋಡೆಯಿಂದ 60 ಸೆಂಟಿಮೀಟರ್ ದೂರವಿದ್ದರೆ, ಪುಟಿದು ಬಂದ ಅಲೆಯು ಸುಮಾರು 143 ಹರ್ಟ್ಸ್‌ನಲ್ಲಿ ನೇರ ಅಲೆಗೆ ವಿರುದ್ಧವಾಗಿ ನಿಂತು ಅಲ್ಲೊಂದು ತಗ್ಗು ಉಂಟುಮಾಡುತ್ತದೆ. 1 ಮೀಟರಿಗೆ ಸರಿಸಿದರೆ ಆ ತಗ್ಗು ಸುಮಾರು 86 ಹರ್ಟ್ಸ್‌ಗೆ ಇಳಿಯುತ್ತದೆ. ಹೀಗಾಗಿ ಐದೈದು ಸೆಂಟಿಮೀಟರಿನಂತೆ ಸರಿಸುತ್ತಾ, ಪರಿಚಿತ ಧ್ವನಿಮುದ್ರಣವೊಂದನ್ನು ಕೇಳಿ ಜಾಗ ಹುಡುಕಬೇಕು. ಎರಡು ಸ್ಪೀಕರ್‌ಗಳು ಮತ್ತು ಕೇಳುಗ ಸಮಬಾಹು ತ್ರಿಭುಜದ ಮೂಲೆಗಳಲ್ಲಿರುವುದು ಒಳ್ಳೆಯ ಆರಂಭ.

ಸ್ಟ್ಯಾಂಡಿನ ಲೋಹಕ್ಕೂ ಅದರಡಿಯ ಚೂಪು ಮೊನೆಗಾಲುಗಳಿಗೂ ಮಾರಾಟಗಾರರು ಹೇಳುವ ಮಹಿಮೆಯನ್ನೆಲ್ಲ ನಂಬಬೇಕಿಲ್ಲ. ಸ್ಟ್ಯಾಂಡ್ ಅಲುಗಾಡಬಾರದು, ಬಡಿದರೆ ಗಂಟೆಯಂತೆ ಮೊಳಗಬಾರದು. ಟೊಳ್ಳು ಕಂಬವಿದ್ದರೆ ಒಣಮರಳು ತುಂಬಿ ಮೊಳಗನ್ನು ತಗ್ಗಿಸಬಹುದು. ಜಮಖಾನೆಯ ಮೇಲೆ ಮೊನೆಗಾಲುಗಳು ಭದ್ರವಾಗಿ ಊರುತ್ತವೆ. ಕಂಪಿಸುವ ಮರದ ನೆಲಕ್ಕೆ ರಬ್ಬರ್ ಪಾದಗಳು ಮೇಲು. ಸ್ಪೀಕರಿನ ತಳ ಮತ್ತು ಸ್ಟ್ಯಾಂಡಿನ ತಟ್ಟೆಯ ನಡುವೆ ನಾಲ್ಕು ಮೂಲೆಗಳಲ್ಲಿ ಮತ್ತೆ ಕಿತ್ತು ತೆಗೆಯಬಹುದಾದ ಮೆದು ಅಂಟಿನ (ಬ್ಲೂ-ಟ್ಯಾಕ್‌ನಂಥದ್ದರ) ಚಿಕ್ಕ ಉಂಡೆಗಳನ್ನಿಟ್ಟರೆ ಸ್ಪೀಕರ್ ಜಾರುವುದಿಲ್ಲ.